ತೇಪೆ ಬರುವವರೆಗೆ

ಮೂರನೇ ಹಂತದ ಸೇತುವೆಯ ಮೇಲೆ
ಏಳನೇ ಹಲಗೆಗೆ ಕಾಲಿಟ್ಟರೆ
ಹಲಗೆ ಇದ್ದಲ್ಲೇ ಇರುತ್ತದೆ, ನಾನಿರುವುದಿಲ್ಲ.
ನೀರಿನ ಕೆಳಗೆ, ನೆಲದ ಕೆಳಗೆ,
ಬಣ್ಣ ಬಳಿಯುವುದನ್ನೇ ಮರೆತ ಬೂದು ಬಯಲಿಗೆ
ಬೀಳುತ್ತಲೇ ಇರುತ್ತೇನೆ, ಕತ್ತಿ ಹಿಡಿದು.

ಕೌಲ್ ಬಜಾರಿನ ಈ ಮಾಳಿಗೆಯಲ್ಲಿ
ಹನ್ನೊಂದು ಹೊಲಿಗೆ ಮಿಷನ್ನು, ಒಂದು ಫ್ಯಾನು.
ಊಟದ ಬಿಡುವಿನಲ್ಲಿ ಜೀನ್ಸಿನ ರಾಶಿಗೆ ಒರಗಿ
ನಾನೂ ಶಾಷಾವಲಿಯೂ ಸರದಿಯಲ್ಲಿ ಬೀಳುತ್ತೇವೆ.
ಆರುನೂರು ರೂಪಾಯಿ, ಇಬ್ಬರೂ ಅರ್ಧರ್ಧ ಹಾಕಿದ್ದು.
"ಸರಿ ಮಾಡ್ತಾರಂತೆ" ಅಂತಾನೆ ಅವನು,
"ತೇಪೆ ಬರ್ತೈತಂತೆ, ಬರೋ ತಿಂಗಳು."

ತೇಪೆ ಅನ್ನುವ ಮಾತು ನನಗೆ ಹೊಸದಲ್ಲ.
ನಮ್ಮವ್ವ ಕೌದಿಗೆ ಹಚ್ಚುತ್ತಿದ್ದಳು.
ಆದರೆ ಕೌದಿ ಮನೆಯಲ್ಲೇ ಇರುತ್ತಿತ್ತು,
ಹರಿದದ್ದು ಅವಳ ಕಾಲಿಗೇ ತೊಡರುತ್ತಿತ್ತು.
ಮಾರಿದ ಮೇಲೆ ಯಾರ ಕಾಲು, ಯಾರ ಸೂಜಿ?

ಹೋದ ರಂಜಾನಿನ ಮುಂಚೆ
ನಲವತ್ತು ಡಜನ್ ಪ್ಯಾಂಟಿನ ಎಡಜೇಬು
ತಳ ಮುಚ್ಚದೆ ಹೊಲಿದವನು ನಾನೇ.
ನಿದ್ದೆ. ಕೆಳಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು.
ಮಾಲೀಕ ಎರ್ರಿಸ್ವಾಮಿ ಜೇಬಿಗೆ ಕೈಹಾಕಿದ,
ಬೆರಳು ಆಚೆ ಬಂತು. ಅದನ್ನೇ ನೋಡಿ,
"ಹೋಗ್ಲಿ ಬಿಡು, ಮುಂದಿನ ಲಾಟಿಗೆ ನೋಡಾಣ" ಅಂದ.
ಮುಂದಿನ ಲಾಟು ಸರಿಯಾಗೇ ಹೋಯಿತು.
ಆ ನಾನೂರ ಎಂಬತ್ತು ಮಂದಿ
ಈಗಲೂ ಎಲ್ಲೋ ನಡೆಯುತ್ತಿದ್ದಾರೆ,
ಚಿಲ್ಲರೆ ಉದುರಿಸಿಕೊಳ್ಳುತ್ತಾ,
ಯಾರನ್ನು ಬಯ್ಯಬೇಕೋ ತಿಳಿಯದೆ.

ಹಾಗಾಗಿ ಶಾಷಾವಲಿಗೆ ಹೇಳಿದ್ದೆ: ಬರೋದಿಲ್ಲ.
ದುಡ್ಡು ಎಣಿಸಿದ ಕೈ ಮತ್ತೆ ಸೂಜಿ ಹಿಡಿಯೋದಿಲ್ಲ.

ನಿನ್ನೆ ರಾತ್ರಿ ಬಂತು.
ಮಾಲೀಕನ ವೈಫೈ ಕದ್ದು ಇಳಿಸಿಕೊಂಡೆವು,
ಕರೆಂಟು ಎರಡು ಸಲ ಹೋಗಿ,
ತೊಂಬತ್ತೊಂದು ಪರ್ಸೆಂಟಿನಲ್ಲಿ ಒಂದು ತಾಸು ನಿಂತು.
ಸೇತುವೆಗೆ ಓಡಿದೆ. ಐದು, ಆರು, ಏಳು.
ಬಿದ್ದೆ.
ಶಾಷಾವಲಿ ನಗಲಿಲ್ಲ. ದಾರ ಕಚ್ಚಿ ತುಂಡರಿಸಿದ.

ಮತ್ತೆ ಹುಟ್ಟಿದ್ದು ಹೊಳೆಯ ಈಚೆ.
ಬೇಲಿಯ ಹತ್ತಿರ ಅದೇ ಮೇಕೆ.
ಮೊದಲಿಂದ ಅದಕ್ಕೆ ಒಂದೇ ಕಿವಿ,
ಅದರ ಜಾತಿಯೇ ಹಾಗೆ ಅಂದುಕೊಂಡಿದ್ದೆವು.
ಇವತ್ತು ಎರಡು.
ಎರಡನೆಯದು ತುಸು ದೊಡ್ಡದು, ಅವಸರದ ಕೆಲಸ.
ಯಾರೂ ಕೇಳಿರಲಿಲ್ಲ.
ಟೆಂಪೋ ಹೋಗಿ ಎಷ್ಟೋ ಹೊತ್ತಾದ ಮೇಲೂ
ಯಾವನೋ ಒಬ್ಬ ಲೈಟು ಆರಿಸದೆ ಕೂತಿದ್ದಾನೆ.

"ಅಳಿಸಿಬಿಡ್ಲೇನು? ಫೋನಲ್ಲಿ ಜಾಗ ತಿಂತೈತೆ"
ಅಂದ ಶಾಷಾವಲಿ.
ಇರ್ಲಿ ಅಂದೆ. ಇನ್ನೊಂದು ತಿಂಗಳು ಇರ್ಲಿ.