ಎಷ್ಟು ಬೆರಳು

ಸೆಪ್ಟೆಂಬರಿನ ಮೂರನೆಯ ವಾರ. ಬಟುಮಿಯ ಮೇಲಿನ ಗುಡ್ಡ.
ರಾತ್ರಿಯಿಡೀ ಹೊಯ್ದು ಬೆಳಗ್ಗೆ ಬಿಟ್ಟ ಮಳೆ;
ಕೆಳಗೆ ಕಪ್ಪು ಸಮುದ್ರಕ್ಕೆ ಇನ್ನೂ ಎಚ್ಚರವಿಲ್ಲ.
ನಮ್ಮಲ್ಲಿ ಇಳಿದುಕೊಂಡಿದ್ದ ಹಕ್ಕಿ ಎಣಿಸುವವರು,
ಇಬ್ಬರು ಡಚ್ಚರು, ಫಿನ್‌ಲೆಂಡಿನ ಹುಡುಗಿಯೊಬ್ಬಳು,
ಜೋಳದ ರೊಟ್ಟಿ ತಿಂದು ದುರ್ಬೀನು ಹೊತ್ತು
ಎತ್ತರದ ಕಟ್ಟೆಗೆ ಹೋಗಿಯಾಗಿತ್ತು.
ಆಕಾಶ ನೋಡುವವರು ಅವರು.
ನಾನು ಅವರ ಹಾಸಿಗೆಬಟ್ಟೆ ಒಗೆಯುವವಳು.

ತಂತಿಗೆ ಮೂರನೆಯ ಚಾದರ ಹಾಕುವಾಗ
ನಾಯಿ ಬೊಗಳುವುದನ್ನು ಅರ್ಧಕ್ಕೆ ನಿಲ್ಲಿಸಿತು.
ಕೋಳಿಗಳು ಮಣ್ಣಿಗೊತ್ತಿಕೊಂಡು ಕಲ್ಲಾದವು.
ತಿರುಗಿದೆ.
ಕಿತ್ತಳೆ ತುಂಬುವ ಖಾಲಿ ಪೆಟ್ಟಿಗೆಯ ಅಂಚಿನ ಮೇಲೆ,
ನನ್ನಿಂದ ಎರಡೇ ಮೊಳ ದೂರ,
ಗಿಡುಗ.

ನೆನೆದು ಮುದ್ದೆಯಾಗಿತ್ತು. ಎದೆಯ ಅಡ್ಡಗೆರೆಗಳು
ಒದ್ದೆ ಕಾಗದದ ಲೆಕ್ಕದ ಹಾಗೆ ಕದಡಿದ್ದವು.
ನನ್ನನ್ನು ನೋಡಿತು. ಹೆದರಿಕೆ ಎನ್ನಲಾರೆ, ಸಿಟ್ಟೂ ಅಲ್ಲ;
ಕದ ತಟ್ಟದೆ ಒಳಗೆ ಬಂದವಳು ನಾನೇ ಎಂಬಂತೆ.

ಕಿಟಕಿಯಲ್ಲಿತ್ತು ಕ್ಯಾಮೆರಾ.
ಹೋದ ವರ್ಷ ಬಾಡಿಗೆ ಕೊಡಲಾಗದ ಬೆಲ್ಜಿಯಮ್ಮಿನವನೊಬ್ಬ ಬಿಟ್ಟುಹೋದದ್ದು,
ಅದರ ಉದ್ದ ಮೂತಿಗೆ ಗಂಡನ ಉಣ್ಣೆ ಕಾಲುಚೀಲ ತೊಡಿಸಿಟ್ಟಿದ್ದೆ.
ಚೀಲ ಎಳೆದೆ, ಕಣ್ಣಿಗೊತ್ತಿದೆ: ಬರೀ ಕಂದು ಮಂಜು.
ತೀರಾ ಹತ್ತಿರದ್ದು ಆ ಗಾಜಿಗೆ ಕಾಣುವುದಿಲ್ಲವಂತೆ,
ಆಮೇಲೆ ತಿಳಿಯಿತು.
ಆಗ ಸುಮ್ಮನೆ ಒಂದು ಹೆಜ್ಜೆ ಹಿಂದೆ, ಇನ್ನೊಂದು,
ಬೆನ್ನಿಗೆ ಚಾದರ ತಣ್ಣಗೆ ಅಂಟುವವರೆಗೆ.
ಆಗ ಬಂತು ಹಕ್ಕಿ, ಗರಿ ಗರಿಯೂ ಗರಿಗರಿಯಾಗಿ.

ಒತ್ತಿದೆ, ಒತ್ತಿದೆ. ಕೋಳಿ ಕಾಳು ಹೆಕ್ಕುವ ಸದ್ದು.
ಅದು ಮೈ ಕೊಡವಿ, ಎರಡು ಚಾದರಗಳ ನಡುವೆ
ಓರೆಯಾಗಿ ತೂರಿ, ದಕ್ಷಿಣಕ್ಕೆ.

ಸಂಜೆ ಅಡುಗೆಮನೆಯ ಮೇಜಿನ ಸುತ್ತ ನ್ಯಾಯ ಸೇರಿತು.
ನಲವತ್ತೊಂದು ಚಿತ್ರ. ಮೂವತ್ತೆಂಟು ಹೊಗೆ.
ಒಂದರ ತುಂಬ ನನ್ನದೇ ಹೆಬ್ಬೆರಳು.
ಕೂತದ್ದೊಂದು ನಿಚ್ಚಳ; ಆದರೆ ಕಣ್ಣಿನ ಮೇಲೆ
ಒಳರೆಪ್ಪೆ ಸರಿದಿದೆ, ಹಾಲಿನ ಕೆನೆಯಂತೆ.
"ಹಳದಿ ಕಣ್ಣಾದರೆ ಮಾಮೂಲಿ ಗಿಡುಗ,
ಕಪ್ಪಾದರೆ ಲೆವಾಂಟ್. ಇದು ಎರಡೂ ಅಲ್ಲ," ಎಂದ ಯೊರಿಸ್.
ಕಪ್ಪಿತ್ತು, ಎಂದೆ. ನೋಡಿದವಳು ನಾನು.
ಆತ ಮರ್ಯಾದೆಯಿಂದ ತಲೆದೂಗಿದ,
ಮಕ್ಕಳು ಕಂಡ ಕನಸು ಕೇಳುವವರ ಹಾಗೆ.

ಸೈಮಿ ಹಾರುವ ಚಿತ್ರವನ್ನು ಹಿಗ್ಗಿಸಿದಳು.
ರೆಕ್ಕೆಯ ತುದಿಯಲ್ಲಿ ಬೆರಳು ಬಿಚ್ಚಿವೆ:
ನಾಲ್ಕಿದ್ದರೆ ಲೆವಾಂಟ್, ಐದಿದ್ದರೆ ಮಾಮೂಲಿ.
ನಾಲ್ಕರ ಪಕ್ಕ ಒಂದು ನೆರಳು,
ಗರಿಯೋ, ಚಾದರದ ಮಡಿಕೆಯೋ.

ಮೂಲೆಯಲ್ಲಿ ಮಾವ ಜುಂಬೇರ್ ಅಕ್ರೋಟು ಒಡೆಯುತ್ತಿದ್ದರು.
ಹರೆಯದಲ್ಲಿ ಕಳಿಂಗ ಹಕ್ಕಿಯ ಆಸೆ ತೋರಿಸಿ
ಗಿಡುಗ ಹಿಡಿದು, ಬುರ್ಲಿ ಬೇಟೆಗೆ ಪಳಗಿಸಿ,
ಚಳಿ ಬಿದ್ದೊಡನೆ ಬಿಟ್ಟುಬಿಡುತ್ತಿದ್ದವರು.
ಈಗ ಕಿವಿ ಪೂರಾ ಹೋಗಿದೆ, ಮಾತೂ ಅಷ್ಟಕ್ಕಷ್ಟೆ.
ಚಿತ್ರವನ್ನು ಅವರ ಮುಂದೆ ಹಿಡಿದೆವು.
ಬಹಳ ಹೊತ್ತು ನೋಡಿ, ಬಲಗೈ ಎತ್ತಿ ತೋರಿಸಿದರು.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಕಿರುಬೆರಳು.
ಉಂಗುರದ ಬೆರಳನ್ನು ಚಹಾ ಕಾರ್ಖಾನೆಯ ಯಂತ್ರ
ನಾನು ಸೊಸೆಯಾಗಿ ಬರುವ ಮೊದಲೇ ತಿಂದಿತ್ತು.

ನಾಲ್ಕು ಎಂದರೇ?
ಇದ್ದಿದ್ದರೆ ಐದು ಎಂದರೇ?
ಮೊದಲು ನಕ್ಕವಳು ಸೈಮಿ, ಆಮೇಲೆ ನಾವೆಲ್ಲ,
ಕೊನೆಗೆ ಅವರೂ, ಯಾಕೆಂದು ತಿಳಿಯದೆ,
ಎತ್ತಿದ ಕೈ ಇಳಿಸದೆ.

ಯೊರಿಸ್ ಪುಸ್ತಕದಲ್ಲಿ ಬರೆದ:
ಗಿಡುಗ, ಒಂದು. ಜಾತಿ ಗೊತ್ತಾಗಿಲ್ಲ.

ಮರುದಿನ ಪೆಟ್ಟಿಗೆ ತೊಳೆಯಹೋದರೆ
ತಳದಲ್ಲೊಂದು ಓತಿಯ ಬಾಲ.
ಲೆವಾಂಟಿಗೆ ಓತಿಯೇ ಊಟವೆಂದು ಸೈಮಿ ಹೇಳಿದ್ದಳು.
ಬೆಕ್ಕಿನ ಕೆಲಸವೂ ಇದ್ದೀತು.
ಮೇಲಿನ ಕಟ್ಟೆಗೆ ಕೂಗಿ ಹೇಳಲಿಲ್ಲ.
ಪೆಟ್ಟಿಗೆಯನ್ನು ನೀರಿಗೆ ಹಾಕದೆ
ಅದೇ ಜಾಗದಲ್ಲಿ, ಅದೇ ಅಂಚು ಇತ್ತ ಮಾಡಿ ಇಟ್ಟು
ಇನ್ನೆರಡು ಚಾದರ ಹಿಂಡಿದೆ.