ಅರ್ಥ್ ಇಲ್ಲದ ಮನಿ

ಬೆಟಗೇರಿಯ ನಮ್ಮ ಓಣ್ಯಾಗ ನೀರು ಬಿಡೂದು
ಹನ್ನೊಂದು ದಿನಕ್ಕೊಮ್ಮೆ.
ಬಿಟ್ಟ ದಿನ ಹಂಡೆ, ಕೊಡ, ಚರಗಿ,
ಕಡೀಕ ಚಾದ ಕಪ್ಪೂ ತುಂಬಿಡತೀವಿ.
ಉಳಿದ ದಿನ ಸಂಪಿನ ನೀರು, ಮೋಟರು,
ಹಿತ್ತಲದಾಗಿನ ಕಬ್ಬಿಣದ ನಳ.

ಶಿವರಾತ್ರಿ ಮುಗಿದ ಮ್ಯಾಲೆ ಅತ್ತಿಗೆ
ಬೆರಳ ತುದಿ ಜುಮ್ ಅನ್ನಾಕ ಹತ್ತಿತು.
"ಸಕ್ಕರಿ ಐತಿ, ನರಕ್ಕ ಇಳದೈತಿ" ಅಂದ್ರು ಡಾಕ್ಟರು,
ಕೆಂಪು ಗುಳಿಗಿ ಬರದ್ರು, ಮೂವತ್ತು ದಿನಕ್ಕ.
ಗುಳಿಗಿ ನುಂಗಾಕ ನೀರು ಬೇಕು,
ನೀರಿಗೆ ನಳ ತಿರುವಬೇಕು,
ತಿರುವಿದ್ರ ಜುಮ್ಮು.

ವೈರ್‌ಮನ್ ದಾವಲಸಾಬ ಬಂದದ್ದು ಬ್ಯಾರೆ ಕೆಲಸಕ್ಕ.
ಮಗ್ಗದ ಖೋಲಿ ಫ್ಯೂಜು ಒಂದ ವಾರದಾಗ ಮೂರು ಸಲ ಹೋಗಿತ್ತು,
ನಾಕನೇ ಸಲಕ್ಕ ನಮ್ಮನಿಯವರು
ಸೈಕಲ್ ಬ್ರೇಕಿನ ತಂತಿ ಬಿಚ್ಚಿ ಹುರಿಮಾಡಿ ಕಟ್ಟಿದ್ರು.
ಅದು ಹೋಗಲಿಲ್ಲ.
ಬೋರ್ಡಿನ ಮೂಲಿ ಕರ್ರಗಾತು.

ಮೊದಲ ಉರಿಯೂ ಪಾಯಿಂಟಿಗೆ ಟೆಸ್ಟರ್ ಹಚ್ಚಿ ನೋಡಿದ:
"ಸತ್ತ ಟೆಸ್ಟರು ಎಲ್ಲಾದಕ್ಕೂ ಇಲ್ಲ ಅಂತೈತ್ರಿ,
ಅದರ ಮಾತು ನಂಬಿ ಕೈ ಹಾಕಿದಾಂವ ಹ್ವಾದ."
ಆಮ್ಯಾಲೆ ಮೇನ್ ತಗದ. ಬ್ರೇಕಿನ ತಂತಿ ಕಿತ್ತು
ನಮ್ಮನಿಯವರ ಅಂಗೈಯಾಗ ಇಟ್ಟ.
"ಫ್ಯೂಜ್ ಅಂದ್ರ, ಮನಿ ಮಂದಿಗಿಂತ ಮೊದಲ
ಸಾಯಾಕ ಒಪ್ಪಿ ಕುಂತಾಂವ.
ಅವನ ಜಾಗಾದಾಗ ಸಾಯದಾಂವನ್ನ ಕುಂದರಿಸಿದ್ರ
ಮುಂದಿನ ಸರದಿ ಯಾರದು?
ನೇಕಾರ ಮಂದಿ ನೀವು. ಎಳಿ ಲೆಕ್ಕ ನಾ ಹೇಳಬೇಕೇನ್ರಿ?"
ನಮ್ಮನಿಯವರು ಗ್ವಾಡಿ ನೋಡಿದ್ರು.

ಹೋಗೂ ಮುಂದ ಕೈ ತೊಳಿಯಾಕ ಹಿತ್ತಲಕ್ಕ ಹೋದಾಂವ
ನಳ ಮುಟ್ಟಿ, ಸರಕ್ಕನ ಕೈ ಎಳಕೊಂಡ.
ಟೆಸ್ಟರಿನ ಹೊಟ್ಟ್ಯಾಗ
ಗುಲಗಂಜಿಯಷ್ಟು ಕೆಂಪು ದೀಪ.
"ಯಕ್ಕಾ, ಈ ಮನಿಗೆ ಅರ್ಥ್ ಇಲ್ಲ!"

ಅತ್ತಿ ಒಳಗಿಂದ ಸೆರಗು ಸಿಗಿಸಿಕೋತ ಬಂದ್ರು:
"ನಲವತ್ತೆರಡು ವರ್ಷ ಬಾಳೇವು ಮಾಡೀನಿ ಇದರಾಗ,
ನಾಕು ಹೆರಿಗಿ, ಎರಡು ಮಗ್ಗ,
ಅರ್ಥ ಇಲ್ಲಂತ! ಹೇಳಾಕ ಬಂದಾನ ನನಗ!"

ಬಚ್ಚಲದ ಹಿಂದ ಸಿಕ್ಕಿತು ಗುಂಡಿ. ಒಣಗಿ ಬಿರಕ ಬಿಟ್ಟಿತ್ತು,
ತಂತಿ ಮುಟ್ಟಿದ್ರ ತುಕ್ಕಿನ ಪುಡಿ.
ಮೋಟರಿನಿಂದ ಸೋರಿದ ಕರೆಂಟಿಗೆ
ನೆಲಕ್ಕಿಳಿಯಾಕ ದಾರಿ ಇರಲಿಲ್ಲ;
ಅತ್ತಿ ಬೆರಳಾಗ ಹಾಯ್ದು ಹೊಂಟಿತ್ತು.

ಮೋಟರು ಬಿಚ್ಚಿ ಕಟ್ಟಿಸಿದಿವಿ.
ಹೊಸಾ ಪೈಪು, ಇದ್ದಲಿ, ಕಲ್ಲುಪ್ಪು.
"ವಾರಕ್ಕೊಂದು ಕೊಡ ನೀರು ಹಾಕ್ರಿ, ಬ್ಯಾಸಗಿ ಮುಗಿಯೂತನಕ."
ಒಂದು ಕೊಡ! ಬೆಟಗೇರ್ಯಾಗ!

ಮಗ್ಗಲಮನಿ ಫಕೀರವ್ವ ಕಟ್ಟಿ ಮ್ಯಾಲಿಂದ ಕೇಳತಾಳ:
"ಕುಡಿಯಾಕ ಇಲ್ಲ, ಅಲ್ಲೇನ ಬೆಳದೀಯವ್ವಾ?"
ಏನೂ ಬೆಳಿಯೂದಿಲ್ಲ ಅದರಾಗ. ಉಪ್ಪಿನ ನೆಲ.
ಅಕ್ಕಿ ತೊಳದದ್ದು, ಪಲ್ಲೆ ತೊಳದದ್ದು
ಕೊಡ ತುಂಬೂತನಕ ಕೂಡಿಡತೀನಿ,
ಸೋಮವಾರ ಹೊಯ್ಯತೀನಿ, ಕ್ಯಾಲೆಂಡರಿನಾಗ ಗೀಟು ಹಾಕತೀನಿ.
ಗುಂಡಿ ಗುಟುಕು ಗುಟುಕು ಕುಡೀತೈತಿ.

ಇವತ್ತು ಮೋಟರ್ ಹಚ್ಚಿ, ನಳಕ್ಕ ಟೆಸ್ಟರ್ ಹಚ್ಚಿದೆ.
ದೀಪ ಇಲ್ಲ.
(ಟೆಸ್ಟರು ಸತ್ತಿಲ್ಲ, ಮೊದಲ ನೋಡೀನಿ.)
ಅತ್ತಿ ಮುಟ್ಟಿದ್ರು. ಬಿಟ್ರು. ಮತ್ತೊಮ್ಮೆ ಮುಟ್ಟಿದ್ರು.
"ಜುಮ್ಮು ಐತಲ್ಲ ಇನ್ನಾ?"

ಸೆರಗಿಗೆ ಬೆರಳು ಒರಸಿ
ನನ್ನ ಮುಂದ ಹಿಡದ್ರು:
"ಹಚ್ಚು ಇಲ್ಲಿ. ನೋಡೂಣು,
ನನ್ನಾಗ ಎಷ್ಟ ಉರೀತೈತಿ."