ಬೇರಿನ ಬಳಿ

ಅಕ್ಷರಕ್ಕೆ ಎಂಟು ರೂಪಾಯಿ.
ಗೆರೆ, ಬಾಣ, ಚುಕ್ಕೆ ಧರ್ಮಕ್ಕೆ.
ಹಾಗೆ ಒಪ್ಪಿಯೇ ಬಂದದ್ದು ನಾನು,
ಮುಳ್ಳೇರಿಯದಿಂದ ಬೆಳಗ್ಗಿನ ಬಸ್ಸಿಗೆ,
ಎರಡು ಡಬ್ಬ ಪೈಂಟು, ಮೂರು ಬ್ರಷ್ಷು,
ಬಾಳೆಲೆಯಲ್ಲಿ ಸುತ್ತಿದ ನೀರುದೋಸೆ.

ಅರಣ್ಯ ಇಲಾಖೆಯವರು ಹೊಸತಾಗಿ ತೆರೆದ ಪಾರ್ಕು.
ಹಿಂದೆ ಇದು ಬರೀ ಪಳ್ಳ,
ಎಮ್ಮೆ ಮೀಯುವ ಜಾಗ.
ಈಗ ಸುತ್ತಲೂ ಮೂರು ದಾರಿ,
ಮರುವ, ಬೋಗಿ, ರೆಂಜೆಯ ಅಡಿಯಲ್ಲಿ
ಮುರಕಲ್ಲು ಕೆತ್ತಿ ಸಮ ಮಾಡಿದ್ದು.
ಫಲಕದ ಮೇಲರ್ಧ ಕಾಞಂಗಾಡಿನವನೊಬ್ಬ
ಮಲಯಾಳದಲ್ಲಿ ಬರೆದು ಹೋಗಿದ್ದಾನೆ;
ಕೆಳಗೆ ಒಂದೂವರೆ ಗೇಣು
ಕನ್ನಡಕ್ಕೆಂದು ಬಿಟ್ಟಿದ್ದಾನೆ, ಪುಣ್ಯಾತ್ಮ.

ಮೊದಲ ದಾರಿ: ಸುಲಭ.
ಇಪ್ಪತ್ತನಾಲ್ಕು ರೂಪಾಯಿ.
ಮೂರನೆಯದು: ಕಷ್ಟ.
ಒತ್ತಕ್ಷರಕ್ಕೆ ಬೇರೆ ರೇಟಿಲ್ಲ, ಹದಿನಾರೇ.
‘ಕಷ್ಟ ಅಗ್ಗ ಆಯ್ತಲ್ಲ ಮಾರಾಯ’
ಎಂದು ನಕ್ಕ ವಾಚರ್ ಅಂಬು ಮಣಿಯಾಣಿ,
ಏಣಿ ಹಿಡಿಯುವ ನೆವದಲ್ಲಿ
ಬೀಡಿ ಹಚ್ಚಿ.

ಅವನೇ ಅಳೆದದ್ದಂತೆ, ಚಕ್ರದ ಕೋಲಿನಿಂದ.
ಸಾವಿರದ ನೂರು ಮೀಟರು, ಏರಿಲ್ಲ, ಇಳಿತವಿಲ್ಲ,
ನಡುವೆ ಎರಡು ಬೆಂಚು.
ಇದೇ ದಾರಿಯಲ್ಲಿ ಅವನ ಅಮ್ಮ
ಕಟ್ಟಿಗೆ ಹೊತ್ತು ತಂದದ್ದೂ ಉಂಟು,
ಹೊಟ್ಟೆಯಲ್ಲಿ ಇವನನ್ನು ಇಟ್ಟುಕೊಂಡು.
‘ಆಗ ಬೋರ್ಡು ಇರಲಿಲ್ಲ’ ಎಂದ,
ಅಷ್ಟೇ.

ಭಕಾರದ ಹೊಟ್ಟೆ ಸೀಳುತ್ತಿದ್ದೆ.
ಅದು ಸೀಳದಿದ್ದರೆ ಸುಲಬ ಆಗುತ್ತದೆ,
ನಾವೆಲ್ಲ ಬಾಯಲ್ಲಿ ಹೇಳುವ ಹಾಗೆ.
ಬೆನ್ನ ಹಿಂದೆ ಚಕ್ರದ ಸದ್ದು.

ಚಂಚಲಾಕ್ಷಿಯಕ್ಕ.
ಮುಂದೆ ತಳ್ಳುಕುರ್ಚಿ, ಕುರ್ಚಿಯಲ್ಲಿ ಮಗ ಸಂದೇಶ,
ಇಪ್ಪತ್ತಾರು ವರ್ಷ,
ಎತ್ತಿದರೆ ಹತ್ತರ ಹುಡುಗನ ತೂಕ.
ಗೇರುತೋಟದ ಮೇಲೆ ಹೆಲಿಕಾಪ್ಟರು
ತಗ್ಗಿ ತಗ್ಗಿ ಹಾರುತ್ತಿದ್ದ ಕಾಲದವನು.
ಅದರ ಬಗ್ಗೆ ಅವಳು ಮಾತಾಡುವುದಿಲ್ಲ.
ಪೇಪರಿನವರಿಗೆ ಹೇಳಿ ಹೇಳಿ
ಆ ಮಾತು ಸವೆದಿದೆ.
ನನ್ನಲ್ಲಿ ಕೇಳಿದ್ದು ಒಂದೇ:
‘ಇದು ಸುಲಭದ್ದಾ?’
ಒದ್ದೆ ಅಕ್ಷರ ತೋರಿಸಿದೆ.

ಮುನ್ನೂರ ನಲವತ್ತನೆಯ ಮೀಟರಿನಲ್ಲಿ
ಒಂದು ರೆಂಜೆ.
ಬೇರು ದಾರಿಗೆ ಅಡ್ಡ ಮಲಗಿದೆ,
ಉಂಡ ಅಜ್ಜನ ಕಾಲಿನ ಹಾಗೆ.
ನಡೆಯುವವರಿಗೆ ಅದು ಕಾಣುವುದೂ ಇಲ್ಲ,
ಪಾದ ತಾನಾಗಿ ದಾಟಿರುತ್ತದೆ.
ಕುರ್ಚಿ ದಾಟಲಿಲ್ಲ.
ಹಿಂದೆಳೆದಳು, ಓರೆ ಮಾಡಿದಳು,
ಮತ್ತೆ ತಳ್ಳಿದಳು. ಕರೆಯಲಿಲ್ಲ.
ಕರೆದು ಅಭ್ಯಾಸವಿಲ್ಲ ಅವಳಿಗೆ.

ಏಣಿ ಬಿಟ್ಟು ನಾವೇ ಓಡಿದೆವು.
ಎಡಕ್ಕೆ ಅಂಬು, ಬಲಕ್ಕೆ ನಾನು,
ಒಂದೇ ದಮ್ಮಿನಲ್ಲಿ ಆಚೆ ಇಟ್ಟೆವು.
ನನ್ನ ಹಳದಿ ಬೆರಳುಗಳು ಮೂರು
ಕುರ್ಚಿಯ ಕಬ್ಬಿಣದ ಮೇಲೆ ಉಳಿದವು.

ಆಮೇಲೆ ತಿರುವು, ಆಮೇಲೆ ಪಳ್ಳ.
ಮಳೆ ಹೋಗಿ ತಿಂಗಳಾಗಿತ್ತಷ್ಟೆ,
ನೀರು ದಂಡೆಯ ಹುಲ್ಲಿನವರೆಗೂ.
ಒಂದು ಮಿಂಚುಳ್ಳಿ ಬಿದ್ದದ್ದು, ಎದ್ದದ್ದು.
ಸಂದೇಶ ಒಂದು ಸ್ವರ ಹೊರಡಿಸಿದ.
ನನಗದು ಬರೆಯಲು ಬರುವುದಿಲ್ಲ,
ಯಾವ ಕಾಗುಣಿತದಲ್ಲೂ ಇಲ್ಲ.
ಅವಳು ಅವನ ಬಾಯಿ ಒರೆಸಿ
‘ಹೌದು, ಮೀನು ಸಿಕ್ಕಿತು ಅದಕ್ಕೆ’ ಎಂದಳು.

ಮರಳಿ ಫಲಕದ ಹತ್ತಿರ ಬಂದಾಗ
ಇರುವೆಯೊಂದು ಭಕಾರದಲ್ಲಿ ಅಂಟಿತ್ತು.
ಬೇರು ಕಡಿಯಲು ಮೇಲಿನಿಂದ ಆರ್ಡರು ಬೇಕು.
ಕಡಿದರೆ ರೆಂಜೆ ಉಳಿಯುವುದಿಲ್ಲ,
ಹೂ ಬೀಳುವ ಕಾಲ ಬೇರೆ.
ಕೆಳಗೆ ನಾಲ್ಕು ಬೆರಳು ಜಾಗ ಇತ್ತು.
ಸಣ್ಣ ಬ್ರಷ್ಷು ತೆಗೆದೆ:

ಬೇರಿನ ಬಳಿ ಇಬ್ಬರು ಬೇಕು.

‘ಮಲಯಾಳದಲ್ಲಿ?’ ಎಂದ ಅಂಬು.
ಮೇಲೆ ಜಾಗ ಇರಲಿಲ್ಲ. ಅಂಚಿನಲ್ಲಿ ನಿಲ್ಲಿಸಿ ಬರೆದೆ,
ಅವನು ಒಂದೊಂದಾಗಿ ಹೇಳಿದ ಹಾಗೆ.
ಒಂದು ಅಕ್ಷರ ಕುಂಟಿತು. ಇರಲಿ ಎಂದ.

ಬಿಲ್ಲಿನಲ್ಲಿ ರೇಂಜರು ಗೆರೆ ಎಳೆದರು:
ಕನ್ನಡದ ಹತ್ತು ಅಕ್ಷರ ಮಂಜೂರಾತಿ ಇಲ್ಲದ್ದು,
ಮಲಯಾಳದ್ದು ಎಣಿಸಲೂ ಇಲ್ಲ.
ಅಳಿಸಿ ಎಂದು ಮಾತ್ರ ಹೇಳಲಿಲ್ಲ.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.
ಸೀಮೆಎಣ್ಣೆಯಲ್ಲಿ ಕೈ ತೊಳೆದು
ಕಷ್ಟದ ದಾರಿಯಲ್ಲಿ ಒಮ್ಮೆ ನಡೆದು ನೋಡಿದೆ.
ಅಷ್ಟೇನೂ ಕಷ್ಟವಿರಲಿಲ್ಲ.